ಹುಲ್ಲುಗಳ್ಳನ ದಾರಿ

"ಶನಿ! ಇನ್ನೂರು ದ್ರಾಮ್! ಚಂದ್ರ ನೂರು!"
ಯೆರೆವಾನಿನ ಒಪೆರಾ ಮನೆಯ ಪಕ್ಕ
ಹೆಪ್ಪುಗಟ್ಟಿದ ಕೊಳದ ದಂಡೆಯಲ್ಲಿ
ದೂರದರ್ಶಕ ಹೂಡಿಕೊಂಡು ಕೂಗುತ್ತಾನೆ ಸೆರೋಬ್.
ಜನವರಿ. ಮೀಸೆಯ ತುದಿಗೆ ಮಂಜು.

ನಮ್ಮಲ್ಲಿ ಎಳ್ಳೆಣ್ಣೆ ಸುರಿದು ದೂರ ಇಡುವವನನ್ನು
ಇಲ್ಲಿ ಕಾಸು ಕೊಟ್ಟು ಹತ್ತಿರ ಕರೆಸಿಕೊಳ್ಳುತ್ತಾರೆ!
ಸಾಲಿನಲ್ಲಿ ನಾನೂ ನಿಂತೆ, ಅಳುಕುತ್ತಲೇ.

ನನ್ನ ಮುಂದೆ ತಾಗುಹಿ, ಹತ್ತು ವರ್ಷ,
ಹೆಗಲಿಗೆ ಜೋತ ಸ್ಕೇಟಿಂಗ್ ಬೂಟು.
ಕಣ್ಣಿಟ್ಟವಳೇ ಕಿರುಚಿದಳು:
"ಇದನ್ನ ನೀನೇ ಒಳಗೆ ಅಂಟಿಸಿದ್ದೀಯ!"
"ಮುಟ್ಟಬೇಡ. ಸುಮ್ಮನೆ ನೋಡ್ತಿರು."
"ಅಯ್ಯೋ, ಹೋಗ್ತಾ ಇದೆ!"
"ಹೋಗ್ತಿರೋದು ಅದಲ್ಲ, ನೀನು.
ನೀನು, ನಾನು, ಈ ಕೊಳ, ಒಪೆರಾ ಮನೆ,
ಎಲ್ಲ ಒಟ್ಟಿಗೆ ಪೂರ್ವಕ್ಕೆ ಉರುಳ್ತಾ ಇದ್ದೇವೆ.

ಈ ಬೆಳಕು ಅಲ್ಲಿಂದ ಹೊರಟು ಎಂಬತ್ತು ನಿಮಿಷ.
ನೀನಾಗ ಮನೆಯಲ್ಲಿ ಸೂಪು ಬೇಡ ಅಂತಿದ್ದೆ.
ಬಳೆ ಅಂದರೆ ಬಳೆಯಲ್ಲ, ಮಂಜಿನ ಚೂರು:
ಕೆಲವು ಮನೆಯಷ್ಟು, ಕೆಲವು ಸಕ್ಕರೆ ಹರಳಿನಷ್ಟು,
ಅಂಟುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ.
ಅಷ್ಟು ದೊಡ್ಡ ಗ್ರಹ, ನೀರಿಗಿಂತ ಹಗುರ!
ನಮ್ಮ ಸೆವಾನ್ ಸರೋವರ ಅದು ಹಿಡಿಸುವಷ್ಟಿದ್ದರೆ
ತೇಲ್ತಿತ್ತು, ಮರದ ತಟ್ಟೆಯ ಹಾಗೆ."

ಮರ ಅಂದವನು ಯಾಕೋ ತಡೆದ.
ಆಗ ನೋಡಿದೆ, ದೂರದರ್ಶಕದ ಮೂರು ಕಾಲು
ಯಾವುದೋ ಕಬ್ಬಿಣದ ಮಂಚದವು.
"ಮೊದಲು ಆಕ್ರೋಟಿನವಿದ್ದವು.
ಹೆಂಡತಿ ಒಲೆಗೆ ಹಾಕಿದಳು. ಮುರಿದು ಕೊಟ್ಟವನು ನಾನೇ."

ಆ ಚಳಿಗಾಲ ಊರಿಗೆ ದಿನಕ್ಕೊಂದು ತಾಸು ಕರೆಂಟು.
ಉದ್ಯಾನದ ಮರ ಮುಗಿದವು. ಬಾಗಿಲು ಮುಗಿದವು.
ನೆಲದ ಹಲಗೆ ಒಂದೊಂದೇ ಎದ್ದು ಒಲೆಗೆ ನಡೆದವು.
ಪುಸ್ತಕಗಳಲ್ಲಿ ದಪ್ಪನೆಯವು ಮೊದಲು.
ವಾರ್ದುಶ್ ಕನ್ನಡಿಯನ್ನೂ ಒಮ್ಮೆ ನೋಡಿದಳಂತೆ,
ಆರು ತಿಂಗಳು ಕೈಯಾರೆ ಅರೆದು ಅವನು ತೀಡಿದ ಗಾಜು.
ಗಾಜು ಉರಿಯುವುದಿಲ್ಲ.
ಅದಕ್ಕೇ ಉಳಿಯಿತು.

ಆಗೆಲ್ಲ ಮಹಡಿ ಹತ್ತಿದರೆ ಸಾಕು,
ದೀಪವಿಲ್ಲದ ಊರಿನ ನೆತ್ತಿಗೆ
ಢಾಳಾಗಿ ಹುಲ್ಲುಗಳ್ಳನ ದಾರಿ.
ನಮ್ಮ ಆಕಾಶಗಂಗೆಗೆ ಇವರಿಟ್ಟ ಹೆಸರದು:
ಹಿಂದೊಂದು ಕಡುಚಳಿಯಲ್ಲಿ ಇವರ ದೇವರು
ಪರರಾಜನ ಬಣವೆಗೆ ಕೈಹಾಕಿ, ಹುಲ್ಲು ಕದ್ದು,
ಓಡಿದ ದಾರಿಯುದ್ದ ಚೆಲ್ಲುತ್ತ ಬಂದನಂತೆ.
ಹತ್ತಿಪ್ಪತ್ತು ಸಾವಿರ ಕೋಟಿ ಕಡ್ಡಿ,
ಒಂದೊಂದೂ ಒಂದು ಸೂರ್ಯ.
ಅಷ್ಟು ಬೆಂಕಿ ತಲೆಯ ಮೇಲೆ;
ಅಂಗೈ ಕಾಯಿಸಲು ಒಂದೂ ಒದಗಲಿಲ್ಲ.
ವಾರ್ದುಶ್ ಕತ್ತೆತ್ತಿ ಅಂದಳಂತೆ:
"ಆ ಕಳ್ಳ ಇನ್ನೊಂದು ಸಲ ಬರಬಾರದೇ?"

ಕೊಳವೆಯನ್ನು ಪೂರ್ವಕ್ಕೆ ತಿರುಗಿಸಿದ.
ಜೋಡಿ ನಕ್ಷತ್ರ, ಕೆಳಗಿನದು ತುಸು ಕೆಂಚು.
ಪೊಲ್ಲುಕ್ಸ್ ಅಂದ ಅವನು.
ಪುನರ್ವಸು ಅಂದುಕೊಂಡೆ ನಾನು.
"ಇದಕ್ಕೆ ದುಡ್ಡಿಲ್ಲ. ನೋಡಿ."

ನೋಡಿದೆ. ಚುಕ್ಕಿ.
ಗ್ರಹವಾದರೆ ಹತ್ತಿರ ಕರೆದಾಗ ಮುಖ ತೋರಿಸುತ್ತದೆ.
ಸೂರ್ಯನ ಒಂಬತ್ತು ಪಟ್ಟು ಅಗಲವಿದ್ದೂ
ಇದು, ಎಷ್ಟು ಹಿಗ್ಗಿಸಿದರೂ, ಚುಕ್ಕಿ.
ತಾಗುಹಿ ಇಣುಕಿ ಮೂತಿ ತಿರುವಿದಳು:
"ಇಷ್ಟೇನಾ?"

"ಇಷ್ಟೇ. ಮೂವತ್ತನಾಲ್ಕು ವರ್ಷ ದಾರಿ ಸವೆಸಿ ಬಂದಿದೆ.
ಹೊರಟಾಗ ನಮ್ಮ ಅಡುಗೆಮನೆಯ ನೆಲ
ಒಲೆಯಲ್ಲಿತ್ತು."

ಹುಡುಗಿ ಸ್ವಲ್ಪ ಹೊತ್ತು ಬೂಟಿನ ದಾರ ಎಳೆದಳು.
"ಹಾಗಾದ್ರೆ ಅಲ್ಲಿಂದ ಯಾರಾದ್ರೂ ಈಗ
ನಮ್ಮೂರು ನೋಡಿದ್ರೆ?"

"ಕತ್ತಲೆ ಕಾಣುತ್ತೆ, ಪುಟ್ಟಾ.
ಕಣ್ಣು ತುಂಬ ಚುರುಕಿದ್ದರೆ, ಒಂದಷ್ಟು ಹೊಗೆ."

ಆಗ ಅವನ ಜೇಬಿನಲ್ಲಿ ಫೋನು. ವಾರ್ದುಶ್:
ಬರುವಾಗ ಲವಾಷ್ ರೊಟ್ಟಿ ತಾ,
ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದೀಯ ತಾನೆ?
"ಹೂಂ ಮತ್ತೆ, ಹಾಕಿಕೊಂಡಿದ್ದೇನೆ" ಅಂದ ಸೆರೋಬ್,
ದೂರದರ್ಶಕದ ಕಣ್ಣಿಗೆ ಇಬ್ಬನಿ ಕೂರದಂತೆ
ಕಾಲುಚೀಲವನ್ನು ತೊಡಿಸುತ್ತ.