ಒತ್ತಿಲ್ಲದ್ದು

ಕವಾಲಾದ ಆಸ್ಪತ್ರೆಯ ಮಗ್ಗುಲಲ್ಲೇ ಹೊಗೆಸೊಪ್ಪಿನ ಗೋದಾಮು.
ಕಿಟಕಿ ತೆರೆದರೆ ಹಳೆಯ ಘಾಟು.
ಡಾಕ್ಟರು ಮಗುವನ್ನು ಅಂಗೈ ಮೇಲೆ ಬೋರಲು ಹಾಕಿ ಎತ್ತಿದರು.
ತಲೆ ಆ ಕಡೆ, ಕಾಲು ಈ ಕಡೆ ಜೋತವು,
ಹಗ್ಗಕ್ಕೆ ಹಾಕಿದ ಒದ್ದೆ ಅಂಗಿ.
ಚೀಟಿಯಲ್ಲಿ ಬರೆದರು: ಅತೊನಿಯಾ.

ಆ ಪದ ನನಗೆ ಗೊತ್ತಿತ್ತು.
ಇಪ್ಪತ್ತೆರಡು ವರ್ಷ ಅಚ್ಚುಮೊಳೆ ಜೋಡಿಸಿದವನು ನಾನು.
ನಮ್ಮ ಕಸುಬಿನಲ್ಲಿ ಆತೊನೊ ಅಂದರೆ ಒತ್ತು ಬೀಳದ್ದು,
ನಾಲಗೆ ಮೆಟ್ಟದೆ ದಾಟಿಹೋಗುವ ಮೆಟ್ಟಿಲು.
ಹೋದ ವರ್ಷ ಸರ್ಕಾರ ಹಳೆಯ ಗುರುತುಗಳನ್ನೆಲ್ಲ ರದ್ದು ಮಾಡಿದಾಗ
ಆ ಸೀಸವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟೆವು
ಮೀನುಗಾರರಿಗೆ, ಬಲೆಯ ಗುಂಡಿಗೆ.
ಪುಟ್ಟ ಪುಟ್ಟ ಪದಗಳ ನೆತ್ತಿ ಬೋಳಾಯಿತು.
ಆಗ ನನಗೇನೂ ಅನಿಸಲಿಲ್ಲ.

ಪಾರ್ಥೆನಾ ಕೇಳಿದಳು, ಅದೇನು ಯೋರ್ದಾನಿಸ್, ಬಿಡಿಸಿ ಹೇಳು.
ಒತ್ತಿಲ್ಲ, ಅಂದೆ.
ಯಾರ ತಪ್ಪು?
ಅಚ್ಚಿನಮನೆಯಲ್ಲಾಗಿದ್ದರೆ ಹೆಸರು ಹಿಡಿದು ಹೇಳುತ್ತಿದ್ದೆ.
ಇಲ್ಲಿ ಟೋಪಿಯ ಅಂಚು ತಿರುಗಿಸುತ್ತ ನಿಂತೆ.

ರಾತ್ರಿ ಸುಮೇಲಾ ನನ್ನ ಹೆಗಲ ಮೇಲೆ.
ಬೇರೆ ಮಕ್ಕಳು ಎತ್ತಿಕೊಂಡರೂ ಕೊಂಚ ತಮ್ಮ ತೂಕ ತಾವೇ ಹೊರುತ್ತವೆ;
ಇವಳು ಪೂರ್ತಿ ಕೊಟ್ಟುಬಿಡುತ್ತಾಳೆ,
ತನಗೆಂದು ಒಂದು ಗುಲಗಂಜಿಯಷ್ಟೂ ಉಳಿಸಿಕೊಳ್ಳದೆ.

ನಮ್ಮ ಮಾತಿನಲ್ಲಿ 'ನನ್ನ' ಎನ್ನುವುದು 'ಮು'.
ಅದಕ್ಕೆ ಒಂಟಿಯಾಗಿ ನಿಲ್ಲುವ ತ್ರಾಣವಿಲ್ಲ,
ಹಿಂದಿನ ಪದದ ಬೆನ್ನಿಗೆ ಒರಗಿಕೊಂಡೇ ಬರುತ್ತದೆ.
ದಾಖ್ತಿಲೊ, ಬೆರಳು. ಒತ್ತು ಮೊದಲಲ್ಲಿ, ಆಮೇಲೆ ಬರೀ ಇಳಿಜಾರು.
'ಮು' ಬಂದು ಒರಗಿತೋ,
ಆ ಇಳಿಜಾರಿನ ಕೊನೆಗೂ ಒಂದು ಒತ್ತು ಏಳುತ್ತದೆ: ದಾಖ್ತಿಲೋ ಮು,
ನನ್ನ ಬೆರಳು.
ಇಲ್ಲದವನು ಇದ್ದವನಿಗೆ ಕೊಡುವ ಈ ವಿಚಿತ್ರ ಲೆಕ್ಕ
ಕಲಿಯಲು ಬಂದ ಹುಡುಗರಿಗೆ ಕಿವಿ ಹಿಂಡಿ ಹೇಳಿಕೊಟ್ಟಿದ್ದೇನೆ.
ಕಾರಣ ಕೇಳಿದರೆ, ನಿಯಮ ಅಷ್ಟೇ, ಮುಚ್ಚು ಬಾಯಿ, ಅಂದಿದ್ದೇನೆ.

ಅವಳ ಅಂಗೈಯಲ್ಲಿ ಬೆರಳಿಟ್ಟೆ.
ಹಿಡಿಯಲಿಲ್ಲ.
ಇನ್ನೊಮ್ಮೆ ಇಟ್ಟೆ. ಮಸಿ ಹತ್ತಿತು, ಅಷ್ಟೇ.

ಬಲಗೈ ಜೋಮು ಹಿಡಿಯಿತು. ಬದಲಿಸಲಿಲ್ಲ.
ಮೊಳೆಯ ಪೆಟ್ಟಿಗೆಗಳ ಮೇಲೆ ಬಾಗಿ ಬಾಗಿ ಗೂನಾದ ಬೆನ್ನು,
ಪಾರ್ಥೆನಾ ಎಷ್ಟು ಬೈದರೂ ನೆಟ್ಟಗಾಗದ ಬೆನ್ನು,
ಕಿಟಕಿಯ ಗಾಜಿನಲ್ಲಿ ನೋಡುತ್ತೇನೆ,
ನೆಟ್ಟಗಿದೆ.
ಕೆಳಗೆ ಬಂದರಿನಲ್ಲಿ ದೋಣಿಗಳು ಹೊರಟವು,
ಬಲೆಯ ಅಂಚಿಗೆ ನಮ್ಮ ಸೀಸ ಕಟ್ಟಿಕೊಂಡು.