ಮಂಚದ ಕೆಳಗಿನವು

ಲಟ್ಟಣಿಗೆ ಕೂಡಿಟ್ಟವನಲ್ಲ ನಾನು.
ಬುಗುರಿ, ಕಡಗೋಲು, ತೊಟ್ಟಿಲ ಗುಬುಟು,
ಭಾನುವಾರದ ಸಂತೆಗೆ ಗೋಣಿಯಲ್ಲಿ ಹೊತ್ತು
ಮಧ್ಯಾಹ್ನದೊಳಗೆ ಬರಿಗೋಣಿ ಮಡಿಸಿ
ಬಂಗಡೆ ತಂದಿದ್ದೇನೆ.
ಅವುಗಳ ಮುಖ ನೆನಪಿಲ್ಲ.

ಬೋಗುಣಿಗಳದೇ ತಕರಾರು.
ಮಂಚದ ಕೆಳಗೆ ಮೂವತ್ತೊಂದು,
ಅಟ್ಟದ ಮೇಲಿನವು ಎಣಿಸಿಲ್ಲ.
ಕಸಬರಿಗೆ ತಾಗಿದಾಗಲೆಲ್ಲ ಶೇವಂತಿ ಕೇಳುತ್ತಾಳೆ:
'ಇವೇನು ಮಾರುವುದಕ್ಕೋ, ಕಾವಿಗೆ ಇಟ್ಟದ್ದೋ?'

ಏನು ಹೇಳಲಿ.
ಒಂದು, ಹೆದ್ದಾರಿಗೆಂದು ಕಡಿದ ಮಾವು;
ಅದರ ನೆರಳಲ್ಲೇ ನಾನು ಬಸ್ಸಿಗೆ ಕಾಯುತ್ತಿದ್ದದ್ದು.
ಒಂದು ಗಾಳಿಮರ. ಕಡೆದ ರಾತ್ರಿಯೇ
ಅಂಚಿನಿಂದ ತಳದವರೆಗೆ ಟಪ್ಪೆಂದು ಸೀಳಿತು,
ನಿದ್ದೆಯಲ್ಲೂ ಕೇಳಿಸಿತು.
ಒಂದಕ್ಕೆ ನಾನೂರು ಎಂದೆ. ನೇವಿ ಕ್ವಾರ್ಟರ್ಸಿನ ಹೆಂಗಸು
ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ
'ಪ್ಲಾಸ್ಟಿಕ್ಕಿನದು ನಲವತ್ತಕ್ಕೆ ಬರುತ್ತೆ' ಎಂದಳು.
ಸರಿಯೇ. ಬರುತ್ತೆ.
ಅಂದಿನಿಂದ ಅದಕ್ಕೆ ಬೆಲೆ ಹೇಳಿಲ್ಲ.
ಇನ್ನು ಕೆಲವು, ನಿಜ ಹೇಳಿದರೆ, ಬರೀ ಸೋಮಾರಿತನ.
ಕಡೆಯಲು ಬೆಳಕು ಸಾಕು, ಮಾರಲು ಬಾಯಿ ಬೇಕು.

ಅಪ್ಪ ಏನನ್ನೂ ಇಟ್ಟವನಲ್ಲ.
ಬೈತಖೋಲಿನ ದೋಣಿಗಳಿಗೆ ಕಪ್ಪಿ ಕಡೆಯುತ್ತಿದ್ದ;
ಹಗ್ಗಕ್ಕೆ ಸವೆದದ್ದು ಮರಳಿ ಬಂದರೆ
ಒಲೆಗೆ ಹಾಕಿ ಹೊಸದು ಕೊಡುತ್ತಿದ್ದ.
ಅವನ ಕೈಯದೊಂದೂ ನನ್ನ ಬಳಿ ಇಲ್ಲ.
ಉಳಿ ಇದೆ. ಹಿಡಿಯಲ್ಲಿ ಹೆಬ್ಬೆರಳಿನ ಗುಳಿ,
ನನ್ನ ಹೆಬ್ಬೆರಳಿಗೆ ತುಸು ದೊಡ್ಡದು.

ಕಳೆದ ಚೌತಿಗೆ ಮುಂಚೆ ರುಕ್ಮಾ ತಾಂಡೇಲ
ಸದಾಶಿವಗಡದಿಂದ ಕಾಳಿ ದಾಟಿ ಬಂದಳು,
ಸೆರಗಿನ ಮರೆಯಲ್ಲಿ ಕುಂಕುಮದ ಭರಣಿ.
'ಮುಚ್ಚಳ ಬಿಗಿಯಾಗಿದೆ, ಸ್ವಲ್ಪ ನೋಡು.'
ತಿರುಗಿಸಿದೆ. ತಳದಲ್ಲಿ ನನ್ನ ಗುರುತು, ಮೂರು ಗೆರೆ.
ಇಪ್ಪತ್ತಾರು ವರ್ಷವಾಯಿತಂತೆ. ನನಗೆ ನೆನಪಿಲ್ಲ.
ಗೋಡೆ ಒಣ ಹಲಸಿನೆಲೆಯಷ್ಟು ತೆಳು,
ಒಳತಿರುವಿನಲ್ಲಿ ಉಳಿ ಎಲ್ಲೂ ತಡವರಿಸಿಲ್ಲ.
ಇದನ್ನು ಎಪ್ಪತ್ತು ರೂಪಾಯಿಗೆ ಮಾರಿದವನು ಯಾರು?

'ಇವತ್ತು ಬಿಟ್ಟುಹೋಗು, ನಾಳೆ ಬಾ' ಎಂದೆ.
ಮುಚ್ಚಳಕ್ಕೆ ಬೇಕಾದ್ದು ಎರಡು ಉಜ್ಜು.
ರಾತ್ರಿ ಭರಣಿಯನ್ನು ಬಲ್ಬಿನ ಕೆಳಗಿಟ್ಟು
ಅದರ ಜೋಡಿ ಕಡೆಯಲು ನಿಂತೆ.
ಮೊದಲನೆಯದು ಸಿಡಿದು ಗೋಡೆಗೆ ಬಡಿಯಿತು.
ಎರಡನೆಯದು ದಪ್ಪ.
ಮೂರನೆಯದು ದೂರದಿಂದ ಅದೇ,
ಕೈಗೆತ್ತಿಕೊಂಡರೆ ಅಲ್ಲ.

ಬೆಳಿಗ್ಗೆ ಬಂದಳು.
ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.
'ಎಷ್ಟಾಯಿತು?'
ಬಾಯಿಗೆ ಬಂದಿತ್ತು: ಇದನ್ನು ನನಗೆ ಬಿಡು,
ಮಂಚದ ಕೆಳಗಿನದು ಯಾವುದು ಬೇಕೋ ಆರಿಸಿಕೋ,
ಎರಡು, ನಾಲ್ಕು.
ಆದರೆ ಭರಣಿಯ ಅಂಚಿನಲ್ಲಿ ಅವಳ ಉಂಗುರದ ಬೆರಳು
ದಿನಾ ಇಳಿದು ಹತ್ತಿ
ಕೆಂಪಗೆ ಒಂದು ಕಾಲುದಾರಿ ಮಾಡಿತ್ತು.
'ಏನೂ ಬೇಡ' ಎಂದೆ.

ಮೂರನೆಯದನ್ನು ಮಂಚದ ಕೆಳಗೆ ಸರಿಸಿದ್ದೆ.
ಸಂಜೆ ನೋಡಿದರೆ ಶೇವಂತಿ ಅದರಲ್ಲಿ
ಸೂಜಿ, ಗುಂಡಿ, ಚಿಲ್ಲರೆ ಕಾಸು ತುಂಬಿ
ಕಿಟಕಿಯಲ್ಲಿಟ್ಟಿದ್ದಾಳೆ.
ನನ್ನನ್ನು ಕೇಳಲಿಲ್ಲ. ದುಡ್ಡೂ ಕೊಡಲಿಲ್ಲ.