ಚೀಟಿಯ ಹಿಂಬದಿ

ಅಧ್ಯಕ್ಷರನ್ನು ಆರಿಸುವ ವರ್ಷವಲ್ಲ ಇದು. ನವೆಂಬರಿನ ಒಂದು ಮಂಗಳವಾರ.
ಬೆಳಗಿನ ಐದೂವರೆಗೆ ಜಿಮ್ಮಿನ ಬೀಗ ತೆಗೆದೆ,
ಬಾಸ್ಕೆಟ್‌ಬಾಲಿನ ಬುಟ್ಟಿಗಳನ್ನು ಮೇಲಕ್ಕೆ ಮಡಚಿ
ಊಟದ ಮನೆಯ ಮೇಜುಗಳನ್ನು ಎಳೆದು ತಂದೆ.
ನೆಲಕ್ಕೆ ನಿನ್ನೆಯಷ್ಟೇ ಮೇಣ ತಿಕ್ಕಿದ್ದೆ.
'ಬೂಟು ಒರೆಸಿ ಬನ್ನಿ' ಎಂದು ಬರೆದು ಅಂಟಿಸಿದೆ,
ಪ್ರಜೆಗಳು ಯಾರೂ ಓದಲಿಲ್ಲ.

ಚೀಟಿಯ ಮುಂಬದಿಯಲ್ಲಿ ನ್ಯಾಯಾಧೀಶರು, ಷೆರೀಫ್,
ಒಳಚರಂಡಿಗೆ ಸಾಲ ಎತ್ತಬಹುದೇ ಎಂಬ ಮೂರು ಮೊಳದ ಪ್ರಶ್ನೆ.
ಶಾಲಾ ಮಂಡಳಿ ಇರುವುದು ಹಿಂಬದಿಯಲ್ಲಿ,
ಮಗುವಿನ ಕೋಟಿನ ಒಳಮಗ್ಗುಲಿಗೆ
ತಾಯಿ ಹೊಲಿದ ಹೆಸರಿನ ಹಾಗೆ.
ತಿರುಗಿಸಿದವರಿಗಷ್ಟೇ ಕಾಣುತ್ತದೆ.

ಒಂದು ಕುರ್ಚಿ, ಎರಡು ಹೆಸರು.

ಬ್ರೆಂಟ್ ಹಾಲೋರನ್, ಹಲ್ಲಿನ ಡಾಕ್ಟರು.
ಹುಲ್ಲಿರುವ ಕಡೆಯೆಲ್ಲ ಅವನ ನೀಲಿ ಫಲಕ.
ಫರ್ನ್‌ವುಡ್ ಶಾಲೆ ಮುಚ್ಚಿದರೆ ಮನೆಗಂದಾಯ ಇಷ್ಟು ಇಳಿಯುತ್ತದೆ ಎಂದ.
ಲೆಕ್ಕ ತಪ್ಪೇನಿಲ್ಲ,
ನಾನೂ ರಾತ್ರಿ ಕೂತು ಕೂಡಿ ನೋಡಿದ್ದೇನೆ.

ಇನ್ನೊಬ್ಬಳು ವಾಂಡಾ ಪೆಟ್ರೋಸ್ಕಿ.
ಮೂವತ್ತೊಂದು ವರ್ಷ ಹದಿನಾಲ್ಕನೇ ನಂಬರಿನ ಹಳದಿ ಬಸ್ಸು ಓಡಿಸಿ
ಕಳೆದ ಜೂನಿನಲ್ಲಿ ಕೀಲಿ ಒಪ್ಪಿಸಿದವಳು.
ಅವಳ ಫಲಕ ಕಿತ್ತಳೆ ಬಣ್ಣದ್ದು, ಅಗ್ಗದ್ದು,
ಮೊದಲ ಮಳೆಗೇ ಅಕ್ಷರ ಇಳಿದವು.

ಮನೆಮನೆಯ ಬಾಗಿಲು ತಟ್ಟಿದಳು.
ಗಡ್ಡದ ಆಳೊಬ್ಬ ತೆರೆದರೆ,
"ಮೂರನೇ ಸೀಟು, ಕಿಟಕಿ ಪಕ್ಕ. ಸೋಮವಾರವಾದರೆ ವಾಂತಿ.
ಈಗ ಹೇಗಿದೆಯಪ್ಪ ಹೊಟ್ಟೆ?" ಅನ್ನುತ್ತಿದ್ದಳಂತೆ.
ಮತ ಕೇಳುವುದನ್ನು ಮರೆತು
ಮುಂದಿನ ಮನೆಗೆ ಹೋಗುತ್ತಿದ್ದಳಂತೆ.

ಅಭ್ಯರ್ಥಿಗಳ ಸಭೆಯೂ ಇದೇ ಜಿಮ್ಮಿನಲ್ಲಿ.
ಲೈಬ್ರರಿಯ ಪುಸ್ತಕಗಳ ಬಗ್ಗೆ ಇಬ್ಬರು ತಾಯಂದಿರು
ಮೈಕಿಗಾಗಿ ಕೈ ಕೈ ಮಿಲಾಯಿಸುವುದೊಂದು ಬಾಕಿ.
ಯಾರೋ ಕೇಳಿದರು: "ಮಿಸೆಸ್ ಪೆಟ್ರೋಸ್ಕಿ, ನಿಮ್ಮ ದೂರದೃಷ್ಟಿ ಏನು?"
"ದೂರದ್ದು ಚೆನ್ನಾಗಿದೆ," ಅಂದಳು,
"ಹತ್ತಿರದ್ದಕ್ಕೇ ಕನ್ನಡಕ ಬೇಕು."
ಜನ ನಕ್ಕರು. ಒಳ್ಳೆಯ ನಗು ಅದು.
ನಗುವನ್ನು ಎಣಿಸುವ ಯಂತ್ರ ಕೌಂಟಿಯವರ ಹತ್ತಿರ ಇಲ್ಲ.

ರಾತ್ರಿ ಹತ್ತಕ್ಕೆ ಫಲಿತಾಂಶ.
ಹಾಲೋರನ್ ಗೆದ್ದ, ಹತ್ತೊಂಬತ್ತು ಮತಗಳಿಂದ.
ಹಿಂಬದಿಯನ್ನು ಖಾಲಿ ಬಿಟ್ಟವರು ಇನ್ನೂರ ಹನ್ನೆರಡು.

ಆ ಇನ್ನೂರ ಹನ್ನೆರಡರಲ್ಲಿ ಒಂದು ನನ್ನದು.
ಮಧ್ಯಾಹ್ನ ಪೆನ್ನು ಹಿಡಿದು ನಿಂತಿದ್ದೆ,
ಹುಡುಗರ ಶೌಚದಲ್ಲಿ ನೀರು ಉಕ್ಕುತ್ತಿದೆ ಎಂದು ಕೂಗಿದರು.
ಚೀಟಿಯನ್ನು ಯಂತ್ರದ ಬಾಯಿಗೆ ತುರುಕಿ ಓಡಿದೆ.
ನೀರು ನಿಂತ ಮೇಲೆ,
ಮಾಪನ್ನು ಹಿಂಡುವಾಗ ನೆನಪಾಯಿತು.
ನೆನಪಾಗಿದ್ದೂ ನಿಜವೋ,
ಅಥವಾ ಆ ಗಂದಾಯದ ಲೆಕ್ಕವೇ
ಕೈಯನ್ನು ತಿರುಗಿಸಲು ಬಿಡಲಿಲ್ಲವೋ,
ಇವತ್ತಿಗೂ ಹೇಳಲಾರೆ.

ಬುಧವಾರ, ಇನ್ನೂ ಕತ್ತಲು.
ಕ್ವಾರಿ ಲೇನಿನ ತಿರುವಿನಲ್ಲಿ ಅವಳ ಹಳೆಯ ಟ್ರಕ್ಕು,
ದೀಪ ಉರಿಯುತ್ತಿತ್ತು.
ಹೆಪ್ಪುಗಟ್ಟಿದ ನೆಲದಿಂದ ಫಲಕಗಳನ್ನು ಕೀಳುತ್ತಿದ್ದಳು.
ಕಿತ್ತಳೆಯದು. ಆಮೇಲೆ ನೀಲಿಯದನ್ನೂ.
ಸೋತ ಸಿಟ್ಟು ಎಂದುಕೊಂಡೆ.

"ಎರಡನೇ ಕ್ಲಾಸಿನ ಮಗು ಇಷ್ಟೇ ಎತ್ತರ, ಎರ್ಲ್,"
ಎಂದು ಅಂಗೈಯನ್ನು ಫಲಕದ ಅಂಚಿಗೆ ಹಿಡಿದಳು.
"ಡ್ರೈವರ್ ಸೀಟಿನಿಂದ ನೋಡಿದರೆ ಮಗುವೇ ಇಲ್ಲ.
ಹೊಸ ಹುಡುಗನಿಗೆ ಅದು ಇನ್ನೂ ಗೊತ್ತಿಲ್ಲ.
ಆರು ವಾರದಿಂದ ನನಗೆ ನಿದ್ದೆ ಇಲ್ಲ."

ಹೇಳಬೇಕಿತ್ತು. ಬಾಯಿ ತೆರೆದೆ, ಹಬೆ ಬಂತು.
ಬಗ್ಗಿ ನನ್ನ ಅಂಗಳದ್ದನ್ನು ನಾನೇ ಕಿತ್ತೆ,
ಟ್ರಕ್ಕಿನ ಹಿಂಬದಿಗೆ ಹಾಕಿದೆ.
ಯಾವ ಬಣ್ಣದ್ದು ಎಂದು ಅವಳು ನೋಡಲಿಲ್ಲ.
ತಂತಿ ಕಾಲುಗಳನ್ನು ಬೇರೆ ಮಾಡುತ್ತಾ
"ಟೊಮೆಟೊ ಬಳ್ಳಿಗೆ ಆಗುತ್ತವೆ," ಅಂದಳು.

ಅಷ್ಟರಲ್ಲಿ ಹದಿನಾಲ್ಕು ಬಂತು.
ಕೆಂಪು ಟೋಪಿಯೊಂದು ಓಡಿ ಹತ್ತಿತು.